ದೊಡ್ಡ ಪೈಲ್ವಾನ ಯಾರು?

ಕೆಲವು ವಾದಗಳಿಗೆ ಕೊನೆಯೆಂಬುದೇ ಇಲ್ಲ. ಸಾರಿಗೆ ಬೆಲ್ಲ ಹಾಕಬೇಕೆ ಬೇಡವೆ ಎಂಬುದು ನಮ್ಮ ಹೆಂಗಸರ ಕಡೆಯ ವಾದವಾದರೆ, ಲೋಕದಲ್ಲಿ ಎಲ್ಲರಿಗಿಂತ ದೊಡ್ಡ ಪೈಲ್ವಾನ ಯಾರು ಎಂಬುದು ಗಂಡಸರ ಕಡೆಯದು. ನಾನು ಹುಟ್ಟಿದ ಎನ್. ಬೇಗೂರು ಹೆಗ್ಗಡದೇವನಕೋಟೆ ಸೀಮೆಯ ಕಾಡಂಚಿನ ಊರು. ಬಂಡೀಪುರದ ಕಾಡಿನ ಒಂದು ವಲಯಕ್ಕೆ ಇವತ್ತಿಗೂ ನಮ್ಮೂರಿನದೇ ಹೆಸರು. ಫಸಲು ಬಂದಾಗ ಆನೆ ಕಾಯಲು ರಾತ್ರಿ ಹೊಲಕ್ಕೆ ಹೋಗುವ ಗಂಡಸರಿಗೆ ನಿದ್ದೆ ಹತ್ತದಂತೆ ಒಂದು ಮಾತು ಬೇಕಲ್ಲ, ಅದು ಕುಸ್ತಿಯ ಮಾತು. ಬೆಳಗ್ಗೆ ಮನೆಗೆ ಬಂದು ರೊಟ್ಟಿಗೆ ಕೂತರೂ ಅದು ಮುಗಿದಿರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಮೂರು ಪಕ್ಷ. ಸೋದರಮಾವನದು ಗಾಮನ ಪಕ್ಷ. ಟೂರಿಂಗ್ ಟಾಕೀಸಿನಲ್ಲಿ ಸಿನಿಮಾ ನೋಡಿ ಬಂದ ಚಿಕ್ಕಪ್ಪನದು ದಾರಾ ಸಿಂಗನ ಪಕ್ಷ. ತಾತನದು ಭೀಮಸೇನನ ಪಕ್ಷ; ಅವರೊಡನೆ ವಾದಕ್ಕಿಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಒಳಗೆ ಒಲೆಯ ಮುಂದೆ ಕೂತ ನಮ್ಮನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಲಿಲ್ಲವಾದರೂ ಕಿವಿ ಇತ್ತಲ್ಲ, ಕೇಳಿಸಿಕೊಂಡೆವು. ಆಮೇಲೆ ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಸಿಕ್ಕ ಪುಸ್ತಕಗಳನ್ನು ಓದಿ, ಈ ವ್ಯಾಜ್ಯದ ದಾಖಲೆಗಳನ್ನು ನಾನೇ ಒಂದಿಷ್ಟು ಜೋಡಿಸಿಕೊಂಡೆ.

ಮೊದಲು ಮಾವನ ಕಕ್ಷಿದಾರನನ್ನು ನೋಡೋಣ. ಗುಲಾಂ ಮಹಮ್ಮದ್ ಎಂಬ ಹೆಸರಿನ, ಪಂಜಾಬಿನ ಕಡೆಯ ಗಾಮ 1910ರಲ್ಲಿ ಲಂಡನ್ನಿಗೆ ಹೋದ. ಆಳು ಅಷ್ಟೇನೂ ಎತ್ತರವಲ್ಲ. ಸೆಪ್ಟೆಂಬರ್ 10ರಂದು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ ಎಂಬ ಭಾರಿ ಆಸಾಮಿಯೊಡನೆ ಅವನ ಕುಸ್ತಿ. ಎರಡೂವರೆ ಗಂಟೆ ನಡೆದರೂ ತೀರ್ಮಾನವಾಗಲಿಲ್ಲ. ಜ್ಬಿಸ್ಕೊ ಹೆಚ್ಚು ಹೊತ್ತು ನೆಲಕ್ಕೆ ಬೋರಲು ಅಂಟಿಕೊಂಡೇ ಬಿದ್ದಿದ್ದನಂತೆ. ಒಂದು ವಾರ ಬಿಟ್ಟು ಮತ್ತೆ ದಿನ ಗೊತ್ತು ಮಾಡಿದರೆ ಅವನು ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದರು. ಗಾಮನಿಗೆ ಆಗ ಐವತ್ತರ ಹತ್ತಿರ. ಒಂದು ನಿಮಿಷ ತುಂಬುವುದರೊಳಗೆ ಜ್ಬಿಸ್ಕೊ ಚಿತ್ತಾಗಿ ಬಿದ್ದಿದ್ದ. ಈ ಪಟಿಯಾಲದ ಕುಸ್ತಿಯನ್ನು ಮಾವ ತಾವೇ ಕಂಡು ಬಂದವರಂತೆ ಹೇಳುತ್ತಿದ್ದರು. ಆಗ ಅವರಿನ್ನೂ ಹುಟ್ಟಿರಲಿಲ್ಲ, ಅದು ಬೇರೆ ಮಾತು.

ಚಿಕ್ಕಪ್ಪನ ದಾರಾ ಸಿಂಗ್ 1954ರಲ್ಲಿ ರುಸ್ತುಂ-ಎ-ಹಿಂದ್ ಆದವರು. ಅವರ ಎದುರಾಳಿ ಕಿಂಗ್‌ಕಾಂಗ್ ಎಂದರೆ ಪ್ರಾಣಿಯಲ್ಲ, ಎಮಿಲ್ ಜಾಯಾ ಎಂಬ ಮನುಷ್ಯ, ಆನೆಯಂಥ ದೇಹ. 1968ರಲ್ಲಿ ಬೊಂಬಾಯಿಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿ ದಾರಾ ಸಿಂಗ್ ವಿಶ್ವ ಚಾಂಪಿಯನ್ ಎನಿಸಿದರು. ಇಷ್ಟೆಲ್ಲ ಇದ್ದರೂ ನಮ್ಮ ಹೆಂಗಸರಿಗೆ ಅವರು ಗೊತ್ತಾದದ್ದು 1987ರಲ್ಲಿ, ದೂರದರ್ಶನದ ರಾಮಾಯಣದ ಹನುಮಂತನಾಗಿ. ಭಾನುವಾರ ಬೆಳಗ್ಗೆ ನಮ್ಮತ್ತೆ ಟಿ.ವಿ.ಯ ಮುಂದೆ ಕೈಮುಗಿದು ಕೂರುತ್ತಿದ್ದರು. ಚಿಕ್ಕಪ್ಪ ಅದನ್ನೂ ತಮ್ಮ ಪಕ್ಷದ ಸಾಕ್ಷಿಗಳ ಪಟ್ಟಿಗೆ ಸೇರಿಸಿಕೊಂಡರು.

ಇಬ್ಬರಲ್ಲಿ ದೊಡ್ಡವರು ಯಾರು? ಇಲ್ಲಿಯೇ ತೊಡಕು. ಗಾಮನದು ಮಟ್ಟಿಯ ಮೇಲಿನ ಕುಸ್ತಿ, ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ದಾರಾ ಸಿಂಗ್ ಹೆಸರು ಮಾಡಿದ್ದು ಹಗ್ಗ ಕಟ್ಟಿದ ಕಟ್ಟೆಯ ಮೇಲಿನ, ಟಿಕೆಟ್ಟು ಮಾರಿ ಆಡಿಸುವ ಫ್ರೀಸ್ಟೈಲ್ ಕುಸ್ತಿಯಲ್ಲಿ. ಈ ಎರಡನೆಯ ಬಗೆಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಮಾತಾಗಿರುತ್ತದೆ ಎಂಬ ಅನುಮಾನ ಮೊದಲಿನಿಂದಲೂ ಇತ್ತು. 1989ರಲ್ಲಿ ಅಮೆರಿಕದ ದೊಡ್ಡ ಕುಸ್ತಿ ಕಂಪನಿಯ ಯಜಮಾನ ವಿನ್ಸ್ ಮ್ಯಾಕ್‌ಮಹನ್ ನ್ಯೂಜೆರ್ಸಿ ರಾಜ್ಯದ ಶಾಸನಸಭೆಯ ಮುಂದೆ, ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡ. ಹಾಗೆ ಹೇಳಿದರೆ ಕ್ರೀಡೆಯ ಮೇಲಿನ ಕಟ್ಟುಪಾಡು, ತೆರಿಗೆ ತಪ್ಪುತ್ತಿತ್ತು. ಹಾಗೆಂದು ಅದು ಸುಲಭದ ಕೆಲಸವೆಂದು ತಿಳಿಯಬೇಡಿ. ನಾಟಕದ ಕತ್ತಿಯಲ್ಲವಲ್ಲ, ಬೀಳುವ ಬೆನ್ನು ನಿಜವಾದ ಬೆನ್ನು.

ಅಮೆರಿಕದವರು ಒಪ್ಪಿಕೊಂಡರೂ ನಮ್ಮ ಮಕ್ಕಳು ಒಪ್ಪಲಿಲ್ಲ. ಕೇಬಲ್ ಟಿ.ವಿ. ಬಂದ ತೊಂಬತ್ತರ ದಶಕದಲ್ಲಿ ನನ್ನ ಮಗ ಮತ್ತು ಅವನ ಸ್ನೇಹಿತರ ಜೇಬಿನಲ್ಲಿ ಟ್ರಂಪ್ ಕಾರ್ಡಿನ ಕಟ್ಟು. ಒಂದೊಂದು ಕಾರ್ಡಿನಲ್ಲಿ ಒಬ್ಬೊಬ್ಬ ಪೈಲ್ವಾನನ ಪಟ, ಕೆಳಗೆ ಎತ್ತರ, ತೂಕ, ಎದೆಯ ಸುತ್ತಳತೆ, ಆಡಿದ ಕುಸ್ತಿ, ಗೆದ್ದ ಕುಸ್ತಿ, ಎಲ್ಲಕ್ಕೂ ಮೇಲೆ ರ‍್ಯಾಂಕ್. ತೂಕ ಕೇಳಿದರೆ ಯೊಕೊಜುನ ಗೆದ್ದ, ಎತ್ತರ ಕೇಳಿದರೆ ಅಂಡರ್‌ಟೇಕರ್. ಯಾವುದನ್ನು ಕೇಳಬೇಕೆಂದು ತೀರ್ಮಾನ ಮಾಡುವವನೇ ಗೆಲ್ಲುವವನು! ಹೊಲ ಕಾಯುವ ನಮ್ಮ ಮಾವ, ಚಿಕ್ಕಪ್ಪ ಮಾಡುತ್ತಿದ್ದದ್ದೂ ಇದನ್ನೇ. ಅವರ ಕೈಯಲ್ಲಿ ಕಾರ್ಡು ಇರಲಿಲ್ಲ ಅಷ್ಟೆ.

ಪೈಲ್ವಾನರನ್ನು ದರ್ಜೆಗೆ ಹಚ್ಚುವ ಈ ಚಪಲ ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಒಂದು ಭಾಗವೇ ಇದೆ. ವಯಸ್ಸು, ಮೈಕಟ್ಟು, ಶಕ್ತಿ ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಅಲ್ಲಿ ವಿಂಗಡಿಸಿದ್ದಾನೆ. ಅವರಿಗೆ ಬೇಳೆ, ಮಾಂಸ, ಹಾಲು, ಒಳ್ಳೆಯ ಸಿಹಿತಿಂಡಿ ಅರಮನೆಯಿಂದಲೇ ಸರಬರಾಜು ಆಗಬೇಕು. ಅರಮನೆಯ ಹೆಂಗಸರಿಂದ ಮಾತ್ರ ಅವರನ್ನು ದೂರ ಇಡಬೇಕು. ಆದರೆ ಮುಂದೆ ನಾಲ್ಕು ಶತಮಾನ ಕಳೆದು, 1535ರ ಸುಮಾರಿಗೆ ವಿಜಯನಗರವನ್ನು ಕುರಿತು ಬರೆದ ಪೋರ್ಚುಗೀಸ್ ವರ್ತಕ ನೂನಿಜ್, ಅರಸನ ಅಂತಃಪುರದ ಹೆಂಗಸರ ಕೆಲಸಗಳನ್ನು ಎಣಿಸುತ್ತ, ಲೆಕ್ಕ ಬರೆಯುವ ಹೆಂಗಸರು, ಜ್ಯೋತಿಷ ಹೇಳುವ ಹೆಂಗಸರು ಇರುವಂತೆ ಕುಸ್ತಿಯಾಡುವ ಹೆಂಗಸರೂ ಇದ್ದಾರೆ ಎನ್ನುತ್ತಾನೆ. ಒಬ್ಬರ ಹೆಸರನ್ನೂ ಬರೆದಿಲ್ಲ. ಅವರಲ್ಲಿ ಜ್ಯೇಷ್ಠಿಕೆ ಯಾರೆಂದು ವಿಂಗಡಿಸಿದ ದೊರೆಯೂ ನನಗೆ ಕಂಡಿಲ್ಲ.

ನಮ್ಮ ಮೈಸೂರಿನ ಅರಸರಲ್ಲಿ ಕಂಠೀರವ ನರಸರಾಜ ಒಡೆಯರು ಹದಿನೇಳನೆಯ ಶತಮಾನದವರು. ತಿರುಚನಾಪಳ್ಳಿಯ ಜಟ್ಟಿಯೊಬ್ಬ ಊರ ಬಾಗಿಲಿಗೆ ತನ್ನ ಚಲ್ಲಣ ಕಟ್ಟಿ, ತನ್ನನ್ನು ಗೆಲ್ಲಲಾರದವರು ಅದರಡಿ ನುಸುಳಿ ಹೋಗಲಿ ಎಂದು ಬೀಗುತ್ತಿದ್ದನಂತೆ. ಒಡೆಯರು ವೇಷ ಮರೆಸಿಕೊಂಡು ಹೋಗಿ ಅವನನ್ನು ಗೆದ್ದು, ಬಹುಮಾನಕ್ಕೂ ಕಾಯದೆ ಶ್ರೀರಂಗಪಟ್ಟಣಕ್ಕೆ ಮರಳಿದರು ಎಂಬುದು ಪ್ರಸಿದ್ಧವಾದ ಕಥೆ. 1960ರಲ್ಲಿ ರಾಜಕುಮಾರ್ ‘ರಣಧೀರ ಕಂಠೀರವ’ನಾದ ಮೇಲೆ ನಮ್ಮೂರಿನ ವಾದಕ್ಕೆ ನಾಲ್ಕನೆಯ ಪಕ್ಷವೂ ಹುಟ್ಟಿಕೊಂಡಿತು. ತಾತ ಮಾತ್ರ ಅಲುಗಾಡಲಿಲ್ಲ. ಭೀಮ, ದುರ್ಯೋಧನ, ಜರಾಸಂಧ, ಕೀಚಕ, ಬಕ ಐವರೂ ಸಮಬಲದವರು, ಮೊದಲು ಒಬ್ಬನನ್ನು ಕೊಂದವನ ಕೈಯಲ್ಲೇ ಉಳಿದವರ ಸಾವು ಎಂದು ಹರಿಕಥೆಯಲ್ಲಿ ಕೇಳಿದ್ದನ್ನು ಹೇಳುತ್ತಿದ್ದರು. ಸಮಬಲದವರಲ್ಲಿ ಭೀಮ ದೊಡ್ಡವನಾದದ್ದು ಅವನಿಗೆ ಮೊದಲ ಜೋಡಿ ಸಿಕ್ಕಿದ್ದರಿಂದ. ಈ ಮಾತು ನನಗೆ ಬಹಳ ಕಾಲ ತಲೆಯಲ್ಲಿ ಕೊರೆಯುತ್ತಿತ್ತು.

ಯಾಕೆಂದರೆ ಗರಡಿಯವರ ಲೆಕ್ಕವೂ ಜೋಡಿಯ ಲೆಕ್ಕವೇ. ಮೈಸೂರಿನಲ್ಲಿ ದಸರೆಗೆ ಮುಂಚೆ ‘ಜೋಡಿ ಕಟ್ಟುವುದು’ ಎಂಬ ಒಂದು ದೊಡ್ಡ ಕೆಲಸವಿದೆ. ಬೇರೆ ಬೇರೆ ಜಿಲ್ಲೆಗಳಿಂದ ಪೈಲ್ವಾನರು ಬರುತ್ತಾರೆ. ಹಿರಿಯ ಉಸ್ತಾದರು ಕೂತು, ಹುಡುಗನ ವಯಸ್ಸೇನು, ತೂಕವೇನು, ಹಿಂದೆ ಯಾರ ಮೇಲೆ ಬಿದ್ದಿದ್ದ ಎಂದು ವಿಚಾರಿಸಿ, ಸರಿಸಮನೆನಿಸಿದವನ ಕೈಯನ್ನು ಅವನ ಕೈಗೆ ಹಿಡಿಸುತ್ತಾರೆ. ಇಲ್ಲಿ ಯಾರು ದೊಡ್ಡವನು ಎಂಬ ಪ್ರಶ್ನೆಯೇ ಏಳುವುದಿಲ್ಲ. ಯಾರಿಗೆ ಯಾರು ಸಮ ಎಂಬುದೇ ಪ್ರಶ್ನೆ. ದೊಡ್ಡವನು ಯಾರೆಂಬುದನ್ನು ಆಮೇಲೆ ಮಟ್ಟಿ ಹೇಳುತ್ತದೆ, ಅದೂ ಆವತ್ತಿನ ಮಟ್ಟಿಗೆ. ಗಾಮನಿಗೂ ದಾರಾ ಸಿಂಗ್‌ಗೂ ಜೋಡಿ ಬೀಳಲಿಲ್ಲ. ಗಾಮನಿಗೂ ಅವನ ಕಾಲದ ಅಮೆರಿಕದ ಫ್ರಾಂಕ್ ಗಾಚ್‌ಗೂ ಬೀಳಲಿಲ್ಲ. ಬಿದ್ದಿಲ್ಲದ ಜೋಡಿಯ ಫಲಿತಾಂಶವನ್ನು ನಮ್ಮೂರಿನವರು ಇಪ್ಪತ್ತು ವರ್ಷ ಬರೆದರು.

ಹಾಗಾದರೆ ಜೋಡಿಯೇ ಸಿಗದವರ ಗತಿಯೇನು? ಈ ಪ್ರಶ್ನೆಗೆ ಉತ್ತರವಾಗಿ ನನಗೆ ಸಿಕ್ಕವಳು ಹಮೀದಾ ಬಾನು. ಉತ್ತರ ಪ್ರದೇಶದವಳು, ಕುಸ್ತಿಯವರ ಮನೆಯ ಮಗಳು. 1954ರಲ್ಲಿ, ನನ್ನನ್ನು ಸೋಲಿಸಿದವನನ್ನು ಮದುವೆಯಾಗುತ್ತೇನೆ ಎಂದು ಸವಾಲೆಸೆದಳು. ಆ ವರ್ಷ ಬರೋಡದಲ್ಲಿ ಬಾಬಾ ಪೈಲ್ವಾನ್ ಎಂಬುವನನ್ನು ಒಂದು ನಿಮಿಷ ಮೂವತ್ತನಾಲ್ಕು ಸೆಕೆಂಡಿನಲ್ಲಿ ಕೆಡವಿದಳು. ಅಲ್ಲಿ ಅವಳಿಗೆ ಮೊದಲು ಗೊತ್ತಾಗಿದ್ದ ಪೈಲ್ವಾನನೊಬ್ಬ, ಹೆಂಗಸಿನ ಜೊತೆ ಆಡುವುದಿಲ್ಲ ಎಂದು ಹಿಂದೆ ಸರಿದಿದ್ದ. ಪುಣೆಯಲ್ಲಿ ಕುಸ್ತಿಯ ಸಂಘದವರೇ ಅಡ್ಡ ಬಂದು ಅವಳ ಪಂದ್ಯ ನಿಂತಿತು. ಗೆದ್ದರೆ ಅದು ಮೊದಲೇ ಮಾತಾಡಿಕೊಂಡ ಕುಸ್ತಿ ಎಂದರು. ಕೆಲವು ಹಾಗೆ ಇದ್ದಿರಬಹುದು, ಅನುಮಾನ ಆಗಲೂ ಇತ್ತು. ಆದರೆ ಗಮನಿಸಿ, ಇದೇ ಅನುಮಾನ ಗಂಡಸರ ಫ್ರೀಸ್ಟೈಲಿನ ಮೇಲೂ ಇತ್ತು. ಅವರ ಹೆಸರು ಪಟ್ಟಿಯಲ್ಲಿ ಉಳಿಯಿತು, ಅವಳದು ಉಳಿಯಲಿಲ್ಲ. ಯುರೋಪಿಗೆ ಹೋಗಿ ಆಡುತ್ತೇನೆಂದಾಗ, ತರಬೇತಿ ಕೊಟ್ಟವನೇ ಕೈಕಾಲು ಮುರಿಯುವಂತೆ ಹೊಡೆದನೆಂದು ಅವಳ ಮನೆಯವರು ಹೇಳಿದ್ದು ವರದಿಯಾಗಿದೆ. ಕೊನೆಗೆ ಮುಂಬಯಿ ಹತ್ತಿರದ ಕಲ್ಯಾಣ್‌ನಲ್ಲಿ ಹಾಲು ಮಾರಿ, ಅದೂ ಸಾಲದಾದಾಗ ರಸ್ತೆ ಬದಿಯಲ್ಲಿ ತಿಂಡಿ ಮಾರಿ ಬದುಕಿದಳು. 1986ರಲ್ಲಿ ತೀರಿಕೊಂಡಳು.

ಹಾಲಿನ ಮಾತು ಬಂತು. ನಮ್ಮಣ್ಣ ಒಂದೆರಡು ವರ್ಷ ಗರಡಿಗೆ ಹೋಗಿದ್ದ. ಆಗ ಮನೆಯ ಒಂದು ಎಮ್ಮೆಯ ಹಾಲು ಪೂರ್ತಿ ಅವನ ಪಾಲು, ತುಪ್ಪ ಅವನ ಪಾಲು. ಮೈಸೂರಿನಿಂದ ತಂದ ಬಾದಾಮಿಯನ್ನು ನೆನೆಹಾಕಿ ಸಿಪ್ಪೆ ತೆಗೆದು ಒರಳಿನಲ್ಲಿ ರುಬ್ಬುವುದು ನನ್ನ ಪಾಲು. ನಮಗೆ ಹೆಣ್ಣುಮಕ್ಕಳಿಗೆ ನೀರುಮಜ್ಜಿಗೆ. ಅಮ್ಮ ಅದಕ್ಕೆಂದೂ ಗೊಣಗಲಿಲ್ಲ. ಒಂದು ಬೆಳಗ್ಗೆ ಮಾತ್ರ ಮಾವ ಗಾಮನ ತೋಳಿನ ವರ್ಣನೆಯಲ್ಲಿದ್ದಾಗ ಒಲೆಯ ಮುಂದಿನಿಂದಲೇ, “ಅಲ್ಲ ಕಣೋ, ನಿನ್ನ ಗಾಮನಿಗೆ ದಿನಾ ಹಾಲು ಕಾಯಿಸಿ ಕೊಟ್ಟೋಳು ಯಾರು ಅಂತ ಎಲ್ಲಾದ್ರೂ ಬರೆದವ್ರಾ?” ಎಂದಳು. ಮಾವ, “ಅದ್ಯಾಕಕ್ಕ ಬರೀತಾರೆ?” ಎಂದು ನಕ್ಕರು. ಅಮ್ಮ ನಗಲಿಲ್ಲ. “ಕರೆಯೋ ಎಮ್ಮೆ ಲೆಕ್ಕ ಬಿಟ್ಟು ಕುಡಿಯೋನ ಲೆಕ್ಕ ಹಾಕಿದ್ರೆ ಅದೆಂಥ ಲೆಕ್ಕ?” ಎಂದು ಮುದ್ದೆ ತಿರುವತೊಡಗಿದಳು.

ಈಗ ಕಾಲ ಬದಲಾಗಿದೆ. ಮೈಸೂರು ದಸರೆಯ ಕುಸ್ತಿಯಲ್ಲಿ ದಸರಾ ಕೇಸರಿ, ದಸರಾ ಕುಮಾರ ಎಂಬ ಬಿರುದುಗಳ ಜೊತೆಗೆ ಹುಡುಗಿಯರಿಗಾಗಿ ದಸರಾ ಕಿಶೋರಿ ಎಂಬ ಬಿರುದೂ ಬಂದಿದೆ. 2004ರಲ್ಲಿ ಒಲಿಂಪಿಕ್ಸಿಗೆ ಹೆಂಗಸರ ಕುಸ್ತಿ ಸೇರಿತು. 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದಳು. ಭಾರತಕ್ಕೆ ಕುಸ್ತಿಯ ಮೊದಲ ಒಲಿಂಪಿಕ್ ಪದಕ ತಂದ ಖಾಶಾಬಾ ಜಾಧವ್ ಗೆದ್ದದ್ದು 1952ರಲ್ಲಿ. ಒಬ್ಬ ಹೆಣ್ಣುಮಗಳು ಆ ಸಾಲಿಗೆ ಬರಲು ಅರವತ್ತನಾಲ್ಕು ವರ್ಷ ಬೇಕಾಯಿತು.

ಇನ್ನು ಪಟ್ಟಿಯ ನ್ಯಾಯ ಎಂಥದೆಂದು ತಿಳಿಯಬೇಕಾದರೆ 2024ರ ಪ್ಯಾರಿಸ್ ನೋಡಿ. ಆಗಸ್ಟ್ 6ರಂದು ವಿನೇಶ್ ಫೋಗಟ್ ಒಂದೇ ದಿನ ಮೂವರನ್ನು ಸೋಲಿಸಿದಳು. ಅವರಲ್ಲಿ ಮೊದಲನೆಯವಳು ಜಪಾನಿನ ಯುಯಿ ಸುಸಾಕಿ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿಯವರೆಗೆ ಒಮ್ಮೆಯೂ ಸೋಲದವಳು. ಮರುದಿನ ಬೆಳಗ್ಗೆ ತಕ್ಕಡಿಯ ಮೇಲೆ ವಿನೇಶಳ ತೂಕ 50 ಕಿಲೋಗೆ 100 ಗ್ರಾಂ ಹೆಚ್ಚು ಬಂತು. ನಿಯಮದಂತೆ ಅವಳನ್ನು ಹೊರಗಿಟ್ಟು, ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ ಕೊಟ್ಟರು. ನಿಯಮ ನಿಯಮವೇ, ನಾನೇನೂ ಅದರ ಮೇಲೆ ವಾದ ಹೂಡುವುದಿಲ್ಲ. ಆದರೆ ಆ ಪಟ್ಟಿಯನ್ನಷ್ಟೇ ನೋಡಿದವರಿಗೆ ಸುಸಾಕಿ ಮಣ್ಣು ಮುಕ್ಕಿದ್ದು ಯಾರ ಕೈಯಲ್ಲಿ ಎಂದು ಹೇಗೆ ಗೊತ್ತಾದೀತು?

ಮಾವನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ವಾದ ಮಾತ್ರ ಸೊಗಸಾಗಿ ಮುಂದುವರಿದಿದೆ; ನನ್ನ ಮೊಮ್ಮಕ್ಕಳು ಅದನ್ನು ಮೊಬೈಲಿನಲ್ಲಿ ನೋಡುತ್ತ ಮಾಡುತ್ತಾರೆ. ಅಜ್ಜಿ, ನಿನ್ನ ಪಟ್ಟಿ ಹೇಳು ಎಂದು ಒಮ್ಮೆ ಕೇಳಿದರು. ಅಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ ಎಂದು ನನಗೆ ಖುಷಿಯಾಯಿತು. ಗಾಮನನ್ನು ನಾನು ಇಳಿಸುವುದಿಲ್ಲ, ದಾರಾ ಸಿಂಗನ್ನೂ ಇಳಿಸುವುದಿಲ್ಲ, ಅವರ ಗೆಲುವು ಅವರದು. ಹಮೀದಾ ಬಾನು ಎಷ್ಟನೆಯವಳೆಂದು ಹೇಳುವಷ್ಟು ಕುಸ್ತಿಯ ಜ್ಞಾನ ನನಗಿಲ್ಲ. ಅವಳ ಹೆಸರನ್ನು ಮೊದಲು ಬರೆದುಕೊಳ್ಳಿ, ಎಷ್ಟನೆಯವಳೆಂದು ಆಮೇಲೆ ಜಗಳವಾಡಿ ಎಂದೆ. ಮೊಮ್ಮಗಳು ಹೆಸರು ಬರೆದುಕೊಂಡಳು. ಮೊಮ್ಮಗ, “ಅವಳ ಹೈಟು, ವೆಯ್ಟು ಎಷ್ಟಜ್ಜಿ?” ಎಂದು ಕೇಳಿದ. ಐದಡಿ ಮೂರಂಗುಲ, ನೂರೆಂಟು ಕಿಲೋ ಎಂದು ನಾನು ಥಟ್ಟನೆ ಹೇಳಿದೆ.