ಬಡ ತಾಯಂದಿರ ಖಿನ್ನತೆಗೆ ಮಾತಿನ ಚಿಕಿತ್ಸೆ: ಕೊಡುವವರು ಯಾರು, ಅವರಿಗೆ ಸಂಬಳ ಕೊಡುವವರು ಯಾರು?

ಮಗು ಹುಟ್ಟಿದ ಮನೆಗೆ ಬಂದವರೆಲ್ಲ ಮಗುವಿನ ತೂಕ ಎಷ್ಟು, ಹಾಲು ಸಾಕಾಗುತ್ತಾ, ಯಾರ ಹೋಲಿಕೆ ಅಂತ ಕೇಳುತ್ತಾರೆ. ತಾಯಿಯ ಮನಸ್ಸು ಹೇಗಿದೆ ಅಂತ ಕೇಳುವವರು ಕಡಿಮೆ. ಭಾರತದ 38 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಇಲ್ಲಿ ಹೆರಿಗೆಯಾದ ಪ್ರತಿ ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಖಿನ್ನತೆ ಇದೆ. ಇದಕ್ಕೆ ಮದ್ದಿದೆ, ಅದು ದುಬಾರಿಯೂ ಅಲ್ಲ. ಹಾಗಾದರೆ ಅದು ಮನೆಬಾಗಿಲಿಗೆ ಯಾಕೆ ಬರುತ್ತಿಲ್ಲ?

ಇದು ಬಾಣಂತಿ ಸನ್ನಿಯಾ?

ಅಲ್ಲ. ಹೆರಿಗೆಯ ಬೆನ್ನಲ್ಲೇ ದಿಢೀರನೆ ವಿಚಿತ್ರವಾಗಿ ಮಾತಾಡುವುದು, ಇಲ್ಲದ ದನಿ ಕೇಳಿಸುವುದು ಅಪರೂಪದ, ಗಂಭೀರ ಕಾಯಿಲೆಯ ಲಕ್ಷಣ. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೊದಲ ಕೆಲವು ದಿನಗಳ ಅಳು, ಬೇಸರ ಸಾಮಾನ್ಯ. ಅದು ತಾನಾಗಿಯೇ ಹೋಗುತ್ತದೆ. ಖಿನ್ನತೆ ಇವೆರಡರ ನಡುವಿನದು. ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇರಲ್ಲ, ಮಗು ಮಲಗಿದರೂ ನಿದ್ದೆ ಬರಲ್ಲ, 'ನಾನು ಕೆಟ್ಟ ತಾಯಿ' ಅನ್ನುವ ಯೋಚನೆ ಬಿಡಲ್ಲ. ಇದು ಬಸುರಿನಲ್ಲೇ ಶುರುವಾಗಲೂಬಹುದು.

ಬಡವರಿಗೇ ಯಾಕೆ ಹೆಚ್ಚು?

ಖಿನ್ನತೆ ಯಾರಿಗಾದರೂ ಬರಬಹುದು, ಆದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಗೋವಾದ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾದ ಮಹಿಳೆಯರ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿತು. ಹಣದ ಮುಗ್ಗಟ್ಟು, ಗಂಡನ ಹಿಂಸೆ, ಗಂಡು ಬೇಕೆಂದು ಕಾದ ಮನೆಯಲ್ಲಿ ಹೆಣ್ಣು ಹುಟ್ಟುವುದು, ಇವೆಲ್ಲ ಖಿನ್ನತೆಯ ಅಪಾಯವನ್ನು ಹೆಚ್ಚಿಸುತ್ತವೆ. ಅಂದರೆ ಈ ಕಾಯಿಲೆಯ ಬೇರು ಹಾರ್ಮೋನಿನಲ್ಲಿ ಮಾತ್ರ ಇಲ್ಲ. ಮನೆಯ ಯಜಮಾನಿಕೆಯಲ್ಲೂ ಇದೆ, ಕೂಲಿಯ ದರದಲ್ಲೂ ಇದೆ.

ಮಾತಿನ ಚಿಕಿತ್ಸೆ ಅಂದರೆ ಏನು?

'ಧೈರ್ಯವಾಗಿರಮ್ಮ' ಅಂತ ಸಮಾಧಾನ ಹೇಳುವುದಲ್ಲ. ಅದಕ್ಕೊಂದು ಕ್ರಮವಿದೆ. ಇದರ ಪ್ರಸಿದ್ಧ ಉದಾಹರಣೆ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಡೆದ 'ಥಿಂಕಿಂಗ್ ಹೆಲ್ದಿ' ಕಾರ್ಯಕ್ರಮ. ನಮ್ಮ ಆಶಾ ಕಾರ್ಯಕರ್ತೆಯರಂಥ ಅಲ್ಲಿನ ಲೇಡಿ ಹೆಲ್ತ್ ವರ್ಕರ್‌ಗಳಿಗೆ ಕೆಲವೇ ದಿನ ತರಬೇತಿ ಕೊಟ್ಟರು, ಪ್ರತಿ ತಿಂಗಳು ಮೇಲ್ವಿಚಾರಣಾ ಸಭೆ ಇಟ್ಟರು. ಬಸುರಿನ ಕೊನೆಯ ತಿಂಗಳಿನಿಂದ ಮಗುವಿಗೆ ಹತ್ತು ತಿಂಗಳಾಗುವವರೆಗೆ ಅವರು 16 ಸಲ ತಾಯಿಯ ಮನೆಗೆ ಹೋಗುತ್ತಿದ್ದರು.

ಹೋಗಿ ಮಾಡುತ್ತಿದ್ದದ್ದು ಮೂರು ಕೆಲಸ. ಮನಸ್ಸನ್ನು ಕುಗ್ಗಿಸುವ ಯೋಚನೆಯನ್ನು ಗುರುತಿಸುವುದು, ಅದರ ಜಾಗಕ್ಕೆ ನೆರವಾಗುವ ಯೋಚನೆ ತರುವುದು, ಅದನ್ನು ದಿನದ ಕೆಲಸದಲ್ಲಿ ರೂಢಿ ಮಾಡಿಸುವುದು. ಓದು ಬಾರದವರಿಗಾಗಿ ಚಿತ್ರಗಳನ್ನು ಬಳಸಿದರು. 'ಮಾನಸಿಕ ಕಾಯಿಲೆ' ಅನ್ನದೆ 'ಮಗು ಚೆನ್ನಾಗಿ ಬೆಳೆಯಲಿ' ಅಂತ ಮಾತು ಶುರು ಮಾಡಿದರು. ಇದರಿಂದ ಅತ್ತೆ, ಗಂಡಂದಿರನ್ನೂ ಒಳಗೊಳ್ಳಲು ಸಾಧ್ಯವಾಯಿತು.

ಫಲ ಸಿಕ್ಕಿತಾ?

ಖಿನ್ನತೆಯಿದ್ದ 903 ಬಸುರಿಯರು ಈ ಪ್ರಯೋಗದಲ್ಲಿದ್ದರು. ಹೆರಿಗೆಯಾಗಿ ಆರು ತಿಂಗಳ ನಂತರ, ಈ ಚಿಕಿತ್ಸೆ ಸಿಗದ ಗುಂಪಿನಲ್ಲಿ 53% ತಾಯಂದಿರಲ್ಲಿ ಖಿನ್ನತೆ ಉಳಿದಿತ್ತು. ಸಿಕ್ಕವರಲ್ಲಿ 23% ಮಾತ್ರ. ಇನ್ನೊಂದು ಗುಂಪಿನವರ ಮನೆಗೂ ಕಾರ್ಯಕರ್ತೆಯರು ಅಷ್ಟೇ ಸಲ ಹೋಗಿದ್ದರು, ಆದರೆ ಈ ತರಬೇತಿ ಇರಲಿಲ್ಲ. ಅಂದರೆ ಬರೀ ಭೇಟಿಯಿಂದಲ್ಲ, ಕ್ರಮಬದ್ಧ ಮಾತುಕತೆಯಿಂದ ಈ ವ್ಯತ್ಯಾಸ ಬಂತು. 2008ರಲ್ಲಿ 'ಲ್ಯಾನ್ಸೆಟ್' ಇದನ್ನು ಪ್ರಕಟಿಸಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಕೈಪಿಡಿಯನ್ನೇ ಹೊರತಂದಿತು.

ನಂತರ ಗೋವಾದಲ್ಲಿ 280 ಬಸುರಿಯರ ಮೇಲೆ ಇದರ ಸರಳ ರೂಪವನ್ನು ಪ್ರಯೋಗಿಸಿದರು. ಅಲ್ಲಿ ಮಾತಾಡಿದವರು ಊರಿನ ಸಾಮಾನ್ಯ ಮಹಿಳೆಯರು, 'ಸಖಿ'ಯರು. ಆರು ತಿಂಗಳಲ್ಲಿ 73% ತಾಯಂದಿರು ಖಿನ್ನತೆಯಿಂದ ಹೊರಬಂದರು. ಸಖಿಯರ ನೆರವಿಲ್ಲದ ಗುಂಪಿನಲ್ಲಿ ಇದು 60%. ಲಾಭ ಇದೆ, ಆದರೆ ಸಾಧಾರಣ. ಪಾಕಿಸ್ತಾನದಲ್ಲಿ ಇದೇ ರೀತಿ ಊರಿನ ಮಹಿಳೆಯರಿಂದ ಮಾಡಿಸಿದಾಗ ಆರು ತಿಂಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 'ಯಾರಾದರೂ ಮಾತಾಡಿದರೆ ಸಾಕು' ಅನ್ನುವ ತೀರ್ಮಾನಕ್ಕೆ ಬರುವಂತಿಲ್ಲ.

ಮಾತು ಯಾವುದನ್ನು ಬದಲಿಸುವುದಿಲ್ಲ?

ಹೊಡೆಯುವ ಗಂಡನನ್ನು, ಖಾಲಿ ಡಬ್ಬಿಯನ್ನು ಮಾತು ಬದಲಿಸುವುದಿಲ್ಲ. ತೀವ್ರ ಖಿನ್ನತೆಗೆ ವೈದ್ಯರು, ಔಷಧಿ ಬೇಕೇ ಬೇಕು. ಇನ್ನು ಕೆಲವು ಕಡೆ ಸಂಘಟನೆಯೇ ಕೆಲಸ ಮಾಡಿದೆ. ಜಾರ್ಖಂಡ್, ಒಡಿಶಾದ ಆದಿವಾಸಿ ಪ್ರದೇಶಗಳಲ್ಲಿ 'ಏಕ್‌ಜುಟ್' ಸಂಸ್ಥೆ ಮಹಿಳಾ ಗುಂಪುಗಳನ್ನು ಕಟ್ಟಿತು. ಬಾಣಂತನದ ಕಷ್ಟಗಳನ್ನು ಅವರೇ ಚರ್ಚಿಸಿ ಪರಿಹಾರ ಹುಡುಕುತ್ತಿದ್ದರು. ನವಜಾತ ಶಿಶುಗಳ ಸಾವು 32% ಇಳಿಯಿತು. ಖಿನ್ನತೆಯಲ್ಲಿ ಮೂರೂ ವರ್ಷದ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಕಾಣದಿದ್ದರೂ, ಮೂರನೇ ವರ್ಷದಲ್ಲಿ ಮಧ್ಯಮ ಪ್ರಮಾಣದ ಖಿನ್ನತೆ ಅರ್ಧಕ್ಕಿಂತ ಕೆಳಗಿಳಿದಿತ್ತು.

ಕರ್ನಾಟಕದಲ್ಲಿ ಏನು ಮಾಡಬಹುದು?

ದಾರಿ ಈಗಾಗಲೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು ಅನ್ನುವ ನಿಯಮವಿದೆ. ಖಿನ್ನತೆ ಗುರುತಿಸುವ ಹತ್ತು ಪ್ರಶ್ನೆಗಳ ಎಡಿನ್‌ಬರ್ಗ್ ಪಟ್ಟಿ ಕನ್ನಡದಲ್ಲೂ ಇದೆ. ತಾಯಿ-ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂದಿದೆ. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವವರಲ್ಲಿ ಸುಮಾರು 85% ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ.

ಈ ಅಂತರವನ್ನು ತುಂಬಲು 'ಆಶಾಗಳಿಗೆ ಇದನ್ನೂ ವಹಿಸಿಬಿಡಿ' ಅನ್ನುವುದು ಸುಲಭ. ಆದರೆ ಇದೇ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ಅಹೋರಾತ್ರಿ ಧರಣಿ ಕೂತಿದ್ದರು. ಸರ್ಕಾರದ ಲೆಕ್ಕದಲ್ಲಿ ಅವರು ನೌಕರರಲ್ಲ, 'ಸ್ವಯಂಸೇವಕಿಯರು'. ಇನ್ನೊಬ್ಬಳ ದುಃಖವನ್ನು ಗಂಟೆಗಟ್ಟಲೆ ಕೂತು ಕೇಳುವುದೂ ದುಡಿಮೆಯೇ. ಅದಕ್ಕೆ ತರಬೇತಿ, ಮೇಲ್ವಿಚಾರಣೆ, ಸಮಯ, ಸಂಬಳ ನಾಲ್ಕೂ ಬೇಕು. ಇವಿಲ್ಲದೆ ಯೋಜನೆ ಘೋಷಿಸಿದರೆ ಒಬ್ಬ ಬಡ ಹೆಂಗಸಿನ ಭಾರವನ್ನು ಇನ್ನೊಬ್ಬ ಬಡ ಹೆಂಗಸಿನ ತಲೆ ಮೇಲೆ ಹೊರಿಸಿದಂತಾಗುತ್ತದೆ. ಮುಂದಿನ ಬಜೆಟ್‌ನಲ್ಲಿ ತಾಯಂದಿರ ಮಾನಸಿಕ ಆರೋಗ್ಯದ ಹೆಸರು ಕೇಳಿಬಂದರೆ, ಆ ಸಾಲಿನ ಪಕ್ಕದಲ್ಲಿ ಈ ನಾಲ್ಕಕ್ಕೂ ಹಣ ಇಟ್ಟಿದ್ದಾರಾ ಅಂತ ನೋಡಿ.

ನಿಮಗೋ, ನಿಮ್ಮ ಮನೆಯಲ್ಲಿ ಯಾರಿಗೋ ಈಗಲೇ ನೆರವು ಬೇಕಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.