ಬಾಲ್ಟಿಮೋರ್ ಧರ್ಮಾಧ್ಯಕ್ಷರ ಚುನಾವಣೆ, 1789: ಗಣರಾಜ್ಯದ ಆದರ್ಶವೋ, ಆಸ್ತಿಯ ರಕ್ಷಣೆಯೋ?

ಅಮೆರಿಕ ಸಂಯುಕ್ತ ಸಂಸ್ಥಾನದ ಮೊದಲ ಕ್ಯಾಥೊಲಿಕ್ ಧರ್ಮಾಧ್ಯಕ್ಷ ಜಾನ್ ಕ್ಯಾರೊಲ್ (1735–1815) ಆ ಪದವಿಗೆ ಬಂದದ್ದು ಪಾದ್ರಿಗಳ ಮತದಿಂದ. 1789ರಲ್ಲಿ ಮೇರಿಲ್ಯಾಂಡಿನ ವೈಟ್‌ಮಾರ್ಶ್‌ನಲ್ಲಿ 26 ಮತಗಳ ಪೈಕಿ 24 ಅವರಿಗೆ ಬಿದ್ದವು. ಅದೇ ವರ್ಷ ನವೆಂಬರ್ 6ರಂದು ಪೋಪ್ ಆರನೆಯ ಪಯಸ್ ಆಯ್ಕೆಯನ್ನು ಒಪ್ಪಿ ಬಾಲ್ಟಿಮೋರ್ ಧರ್ಮಪ್ರಾಂತ್ಯವನ್ನು ಸ್ಥಾಪಿಸಿದರು. ಇಷ್ಟರಲ್ಲಿ ವಿವಾದವಿಲ್ಲ. 1784ರಲ್ಲಿ ಕ್ಯಾರೊಲ್ ಅಮೆರಿಕದ ಕ್ಯಾಥೊಲಿಕ್ ಮಿಷನ್ನಿನ ಮುಖ್ಯಸ್ಥರಾದಾಗ ಫ್ರಾನ್ಸ್ ಕೈಯಾಡಿಸಿತ್ತೆಂಬ ಇತಿಹಾಸಕಾರ ಜಾನ್ ಗಿಲ್ಮರಿ ಶೇ ಅವರ ಗುಮಾನಿಗೂ 1934ರಲ್ಲಿ ಜೂಲ್ಸ್ ಬೆನೆ ಉತ್ತರ ಕೊಟ್ಟಿದ್ದಾರೆ.

ಪಾದ್ರಿಗಳು ಚುನಾವಣೆಯನ್ನೇ ಏಕೆ ಬಯಸಿದರು ಎಂಬಲ್ಲಿ ಮಾತ್ರ ಭಿನ್ನಮತವಿದೆ. ಇತಿಹಾಸಕಾರ ಜೇ ಡೋಲನ್ 1985ರ ತಮ್ಮ ಗ್ರಂಥದಲ್ಲಿ ಅಮೆರಿಕನ್ ಕ್ರಾಂತಿಯ ಗಣರಾಜ್ಯ ಮನೋಧರ್ಮವು ಕ್ಯಾಥೊಲಿಕ್ ಸಭೆಯೊಳಗೂ ಹರಿದು ಬಂದುದನ್ನು ಕಾಣುತ್ತಾರೆ. ಚುನಾವಣೆಗೆ ಮೊದಲಿನ ವರ್ಷಗಳಲ್ಲಿ ಪಾದ್ರಿಗಳು ವೈಟ್‌ಮಾರ್ಶ್‌ನಲ್ಲಿ ಸಭೆ ಸೇರಿ ಕೈಗೊಂಡ ನಿರ್ಣಯಗಳು ಈ ವಿವರಣೆಗೆ ಸುಲಭವಾಗಿ ಒಗ್ಗುವುದಿಲ್ಲ.

1773ರಲ್ಲಿ ಯೇಸುಸಭೆ ರದ್ದಾದ ಮೇಲೆ ಅದರ ಮೇರಿಲ್ಯಾಂಡ್ ಜಮೀನುಗಳು ಮಾಜಿ ಯೇಸುಸಭೆಯ ಪಾದ್ರಿಗಳ ವೈಯಕ್ತಿಕ ಹೆಸರಿನಲ್ಲಿ ಉಳಿದಿದ್ದವು. ಮಿಷನ್ನುಗಳ ಮೇಲ್ವಿಚಾರಣೆ ನಡೆಸುತ್ತಿದ್ದ ರೋಮಿನ ಪ್ರೊಪಗಾಂಡಾ ಪೀಠ ಅವುಗಳ ಮೇಲೆ ಹಕ್ಕು ಸಾಧಿಸೀತೆಂಬ ಭಯ ಅವರಲ್ಲಿತ್ತು. ಆದ್ದರಿಂದಲೇ ಅವರು ರೂಪಿಸಿಕೊಂಡ ನಿಯಮಾವಳಿ ಆಧ್ಯಾತ್ಮಿಕ ಅಧಿಕಾರಿಗೆ ಆಸ್ತಿಯ ಮೇಲೆ ಯಾವ ಅಧಿಕಾರವನ್ನೂ ಕೊಡಲಿಲ್ಲ. 1784ರ ಸಭೆಯ ನಿರ್ಣಯ ಇನ್ನೂ ಖಂಡಿತವಾಗಿತ್ತು: ಸದ್ಯಕ್ಕೆ ಧರ್ಮಾಧ್ಯಕ್ಷರು ಬೇಕಿಲ್ಲ, ಕಳುಹಿಸಿದರೂ ಪಾದ್ರಿಗಳ ಜಮೀನಿನ ಆದಾಯದಿಂದ ಅವರಿಗೆ ಜೀವನಾಂಶ ಸಲ್ಲದು. ಸ್ವಾತಂತ್ರ್ಯದ ಹುರುಪಿನಲ್ಲಿ ತಮ್ಮದೇ ನಾಯಕನನ್ನು ಆರಿಸಲು ಹಾತೊರೆದವರು ನಾಯಕನೇ ಬೇಡವೆಂದು ಬರೆಯುತ್ತಿರಲಿಲ್ಲ.

ಅವರ ನಿಲುವು ಬದಲಾದದ್ದು ನ್ಯೂಯಾರ್ಕಿನ ಜಗಳದ ನಂತರ. ಅಲ್ಲಿನ ಸೇಂಟ್ ಪೀಟರ್ಸ್ ಚರ್ಚಿನ ಟ್ರಸ್ಟಿಗಳು ತಮಗೆ ಬೇಕಾದ ಪಾದ್ರಿಯನ್ನು ಇಟ್ಟುಕೊಳ್ಳುವ, ಬೇಡವಾದವರನ್ನು ಬಿಡುವ ಹಕ್ಕು ಕೇಳಿದರು, ಕ್ಯಾರೊಲ್ ಒಪ್ಪಲಿಲ್ಲ. ಶಿಸ್ತು ತರಲು ಪೂರ್ಣ ಅಧಿಕಾರವುಳ್ಳ ಧರ್ಮಾಧ್ಯಕ್ಷರು ಬೇಕಾದರು. 1788ರಲ್ಲಿ ಕ್ಯಾರೊಲ್ ಹಾಗೂ ಪಾದ್ರಿಗಳಾದ ಮಾಲಿನೋ ಮತ್ತು ಆಷ್ಟನ್ ಸಹಿ ಹಾಕಿದ ಮನವಿ ರೋಮಿಗೆ ಹೋಯಿತು. ಆಯ್ಕೆಯ ಅನುಮತಿ ಬಂತು, ಆದರೆ ಆ ಒಂದು ಸಲಕ್ಕೆ ಮಾತ್ರ. ಶ್ರೀಸಾಮಾನ್ಯ ವಿಶ್ವಾಸಿಗಳಿಗೆ ಮತವಿರಲಿಲ್ಲ. 1785ರಲ್ಲಿ ಕ್ಯಾರೊಲ್ ಮೇರಿಲ್ಯಾಂಡೊಂದರಲ್ಲೇ ಸುಮಾರು 15,800 ಕ್ಯಾಥೊಲಿಕರನ್ನು ಲೆಕ್ಕ ಹಾಕಿದ್ದರೆಂಬುದನ್ನು ನೆನೆದರೆ ಈ ಮತದಾರ ವರ್ಗ ಎಷ್ಟು ಕಿರಿದೆಂಬುದು ತಿಳಿಯುತ್ತದೆ.

ಹೀಗಾಗಿ ಚುನಾವಣೆಯ ಹಿಂದಿನ ಮುಖ್ಯ ಪ್ರೇರಣೆ, ಕನಿಷ್ಠ ವೈಟ್‌ಮಾರ್ಶ್‌ನ ಬಹುಮತದ ಮಟ್ಟಿಗೆ, ಆಸ್ತಿಯನ್ನು ಅರಿತ, ತಮ್ಮೊಳಗಿನವನೇ ಆದ ಅಧ್ಯಕ್ಷನನ್ನು ಪಡೆಯುವುದಾಗಿತ್ತು ಎನ್ನಬಹುದು. ಇದನ್ನು ಮಿತಿಯಲ್ಲೇ ಹೇಳಬೇಕು. ಪರದೇಶದ ಪೀಠಕ್ಕೆ ಅಧೀನವಾದ ಸಭೆಯನ್ನು ಹೊಸ ರಾಷ್ಟ್ರ ಶಂಕೆಯಿಂದ ನೋಡುತ್ತದೆಂಬ ಆತಂಕ ಕ್ಯಾರೊಲ್ ಅವರದು ನಿಜವಾದದ್ದೇ; ಕ್ರಾಂತಿಗೆ ಬೆಂಬಲ ಕೇಳಲು ಬೆಂಜಮಿನ್ ಫ್ರ್ಯಾಂಕ್ಲಿನ್ ಜೊತೆ 1776ರಲ್ಲಿ ಕೆನಡಾಕ್ಕೆ ಹೋಗಿಬಂದ ಅವರ ದೇಶನಿಷ್ಠೆಯನ್ನು ಪ್ರಶ್ನಿಸುವಂತಿಲ್ಲ. ಅವರೊಬ್ಬರ ಮನಸ್ಸಿನಲ್ಲಿ ಎರಡೂ ಪ್ರೇರಣೆಗಳು ಯಾವ ಪ್ರಮಾಣದಲ್ಲಿ ಬೆರೆತಿದ್ದವೆಂಬುದು ಚರ್ಚೆಗೆ ತೆರೆದೇ ಇದೆ. ಮತ ಹಾಕಿದ ಇತರರಿಗೂ ಆ ಆತಂಕ ಅಷ್ಟೇ ಇತ್ತೆನ್ನಲು ನಿರ್ಣಯಗಳು ಆಧಾರ ಕೊಡುವುದಿಲ್ಲ.

1808ರಲ್ಲಿ ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ ಮತ್ತು ಬಾರ್ಡ್ಸ್‌ಟೌನ್ ಧರ್ಮಪ್ರಾಂತ್ಯಗಳು ರಚನೆಯಾದಾಗ ನಾಲ್ಕಕ್ಕೂ ಧರ್ಮಾಧ್ಯಕ್ಷರನ್ನು ರೋಮ್ ನೇಮಿಸಿತು. ಪಾದ್ರಿಗಳ ಮತದಾನ ನಡೆಯಲಿಲ್ಲ.