ಹಡಗಿನ ಸಾಲ, ನಾವಿಕನ ಕೂಲಿ

ಬೆಂಗಳೂರಿನ ತಿಲಕ್ ನಗರದ ಕಿರಾಣಿ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಬದಿಯಲ್ಲಿ ಉದ್ರಿ ಲೆಕ್ಕದ ಪುಸ್ತಕವೊಂದು ಇಂದಿಗೂ ಕಾಣಸಿಗುತ್ತದೆ. 'ಇಂದು ನಗದು, ನಾಳೆ ಉದ್ರಿ' ಎಂಬ ಫಲಕ ಗೋಡೆಯ ಮೇಲೆ ತೂಗಾಡುತ್ತಿದ್ದರೂ ಅಕ್ಕಿ, ಬೇಳೆ, ಎಣ್ಣೆಗಳು ಬಡವರ ಮನೆಗೆ ತಿಂಗಳ ಸಾಲದ ಮೇಲೆಯೇ ಹೋಗುತ್ತವೆ. ಅಂಗಡಿಯವರು ಧೈರ್ಯವಾಗಿ ಸಾಲ ಕೊಡುತ್ತಾರೆ. ಏಕೆಂದರೆ ಸಾಲಗಾರನ ಮನೆ ಯಾವ ಅಡ್ಡರಸ್ತೆಯಲ್ಲಿದೆ, ಅವನು ಎಲ್ಲಿ ಕೆಲಸ ಮಾಡುತ್ತಾನೆ, ಅವನಿಗೆ ಸಂಬಳ ಬರುವುದು ಯಾವ ತಾರೀಖಿಗೆ ಎಂಬುದೆಲ್ಲ ಅವರಿಗೆ ಗೊತ್ತು. ಆ ಪರಿಚಯವೇ ಅವರ ಭದ್ರತೆ.

ಗಿರಾಕಿಗೆ ಮನೆಯೇ ಇಲ್ಲದಿದ್ದರೆ ಏನು ಮಾಡಬೇಕು? ಇಂದು ಬಾಗಿಲಿಗೆ ಬಂದವನು ನಾಳೆ ದಿಗಂತದಾಚೆ ಮರೆಯಾಗುವವನಾದರೆ? ಅಂಥ ಗಿರಾಕಿಯೇ ಹಡಗು. ಅದರ ಒಡೆಯನೊಂದು ದೇಶದಲ್ಲಿ, ಅದರ ಧ್ವಜ ಮತ್ತೊಂದು ದೇಶದ್ದು, ಬಾಡಿಗೆಗೆ ಪಡೆದವನು ಮೂರನೆಯ ದೇಶದವನು, ದುಡಿಯುವ ನಾವಿಕರು ನಾಲ್ಕಾರು ದೇಶಗಳವರು. ಇಂಥ ಹಡಗಿಗೆ ಬಂದರಿನಲ್ಲಿ ನೂರಾರು ಟನ್ನು ಇಂಧನವನ್ನು ಸಾಲವಾಗಿ ತುಂಬಿಸಿದ ವ್ಯಾಪಾರಿಗೆ ಹಣ ಬಾರದಿದ್ದರೆ, ಅವನು ಯಾರ ಬಾಗಿಲು ತಟ್ಟಬೇಕು? ಈ ಪ್ರಶ್ನೆಗೆ ಕಡಲ ಕಾನೂನು ಶತಮಾನಗಳ ಹಿಂದೆಯೇ ಒಂದು ವಿಚಿತ್ರವಾದ ಉತ್ತರವನ್ನು ಕಂಡುಕೊಂಡಿತು. ಒಡೆಯನನ್ನು ಹುಡುಕಬೇಡ, ಹಡಗನ್ನೇ ಬಂಧಿಸು ಎಂಬುದೇ ಆ ಉತ್ತರ.

ಬಂಧನವೆಂದರೇನು?

ಹಡಗನ್ನು ಬಂಧಿಸುವುದೆಂದರೆ ಕೋಳ ತೊಡಿಸುವುದಲ್ಲ. ಇಂಧನ ಪೂರೈಸಿದವನು ಹಡಗಿನ ಮುಖ್ಯ ಎಂಜಿನಿಯರ್ ಸಹಿ ಹಾಕಿದ ರಸೀದಿಯನ್ನೂ ಪಾವತಿಯಾಗದ ಬಿಲ್ಲನ್ನೂ ಹಿಡಿದು ಹೈಕೋರ್ಟಿಗೆ ಹೋಗುತ್ತಾನೆ. ಮೇಲ್ನೋಟಕ್ಕೆ ಹಕ್ಕು ನಿಜವೆಂದು ಕಂಡರೆ ನ್ಯಾಯಾಲಯವು ಬಂಧನದ ಆದೇಶ ಹೊರಡಿಸುತ್ತದೆ. ಆದೇಶದ ಪ್ರತಿ ಹಡಗಿನ ಕಪ್ತಾನನಿಗೂ ಬಂದರಿನ ಅಧಿಕಾರಿಗಳಿಗೂ ಸುಂಕದವರಿಗೂ ತಲುಪುತ್ತದೆ. ಹಿಂದಿನ ಕಾಲದಲ್ಲಿ ಅದನ್ನು ಹಡಗಿನ ಕೂವೆಕಂಬಕ್ಕೇ ಅಂಟಿಸುತ್ತಿದ್ದರು. ಅಂದಿನಿಂದ ಆ ಹಡಗು ಬಂದರು ಬಿಟ್ಟು ಕದಲುವಂತಿಲ್ಲ. ಒಡೆಯನು ಬ್ಯಾಂಕ್ ಖಾತರಿಯನ್ನೋ ಠೇವಣಿಯನ್ನೋ ಒದಗಿಸಿದರೆ ಹಡಗಿಗೆ ಬಿಡುಗಡೆ. ಮೊಕದ್ದಮೆ ಆ ಹಣದ ಮೇಲೆ ಮುಂದುವರಿಯುತ್ತದೆ. ಯಾರೂ ಮುಂದೆ ಬಾರದಿದ್ದರೆ ನ್ಯಾಯಾಲಯವೇ ಹಡಗನ್ನು ಹರಾಜು ಹಾಕಿ, ಬಂದ ಹಣವನ್ನು ಸಾಲಗಾರರಿಗೆ ಹಂಚುತ್ತದೆ.

ನಮ್ಮ ರಾಜ್ಯದಲ್ಲಿ ಈ ಅಧಿಕಾರವಿರುವುದು ಕರ್ನಾಟಕ ಹೈಕೋರ್ಟಿಗೆ. ಕಬ್ಬನ್ ಉದ್ಯಾನದ ಅಂಚಿನಲ್ಲಿ 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯ ಕೆಂಪು ಗೋಡೆಗಳೊಳಗೆ ಕಡಲಿನ ಸದ್ದು ಕೇಳಿಸದು. ಆದರೂ ಅಲ್ಲಿ ಬರೆದ ಒಂದು ಹಾಳೆಗೆ, ಸುಮಾರು 350 ಕಿಲೋಮೀಟರು ದೂರದ ಪಣಂಬೂರಿನಲ್ಲಿ ಲಂಗರು ಹಾಕಿದ ಹಡಗನ್ನು ತಡೆದು ನಿಲ್ಲಿಸುವ ಬಲವಿದೆ.

ಆಂಗ್ಲರ ನೆರಳಿನಿಂದ ನಮ್ಮದೇ ಕಾಯಿದೆಗೆ

ಈ ಬಲ ಒಮ್ಮೆಗೇ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಕಡಲ ವ್ಯಾಜ್ಯಗಳನ್ನು ನೌಕಾಧಿಪತಿಯ ನ್ಯಾಯಾಲಯವು ವಿಚಾರಿಸುತ್ತಿತ್ತು. ನೆಲದ ನ್ಯಾಯಾಲಯಗಳಿಗೆ ಅದರ ಮೇಲೆ ಮತ್ಸರ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ, ಎರಡನೆಯ ರಿಚರ್ಡ್ ದೊರೆಯ ಕಾಲದ ಶಾಸನಗಳು ಅದರ ರೆಕ್ಕೆಗಳನ್ನು ಕತ್ತರಿಸಿದವು. ಮುಂದೆ ಆವಿಯ ಹಡಗುಗಳ ಯುಗ ಬಂದಾಗ ಪರಿಸ್ಥಿತಿ ಬದಲಾಯಿತು. ಗಾಳಿಯನ್ನು ನಂಬಿದ ಹಡಗಿಗೆ ಇಂಧನದ ಸಾಲವಿರಲಿಲ್ಲ. ಆವಿಯ ಹಡಗು ಮಾತ್ರ ಬಂದರಿನಿಂದ ಬಂದರಿಗೆ ಕಲ್ಲಿದ್ದಲನ್ನು ಕೊಳ್ಳಲೇಬೇಕಾಯಿತು. 1840ರ ಕಾಯಿದೆಯು ವಿದೇಶೀ ಹಡಗಿಗೆ 'ಅಗತ್ಯ ವಸ್ತು'ಗಳನ್ನು ಪೂರೈಸಿದವರ ಹಕ್ಕನ್ನು ನೌಕಾ ನ್ಯಾಯಾಲಯಕ್ಕೆ ಒಪ್ಪಿಸಿತು. 1861ರ ಕಾಯಿದೆ ಅದನ್ನು ಇನ್ನಷ್ಟು ವಿಸ್ತರಿಸಿತು. ಆದರೆ 1886ರಲ್ಲಿ 'ಹೈನ್ರಿಖ್ ಬ್ಯೋರ್ನ್' ಎಂಬ ಹಡಗಿನ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಪ್ರಭುಗಳ ಸಭೆ ಒಂದು ಗೆರೆ ಎಳೆಯಿತು. ಅಗತ್ಯ ವಸ್ತು ಪೂರೈಸಿದವನು ಹಡಗನ್ನು ಬಂಧಿಸಬಹುದು. ಆದರೆ ಅವನ ಹಕ್ಕು ಒಡೆಯರು ಬದಲಾದರೂ ಹಡಗಿಗೇ ಅಂಟಿಕೊಂಡು ಸಾಗುವ ಶ್ರೇಷ್ಠ ಹಕ್ಕಲ್ಲ. ಈ ಶ್ರೇಷ್ಠ ಹಕ್ಕನ್ನು ವಕೀಲರು 'ಮಾರಿಟೈಮ್ ಲಿಯನ್' ಎನ್ನುತ್ತಾರೆ. ಈ ಗೆರೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ಮುಖ್ಯವಾಗುತ್ತದೆ.

1890 ಮತ್ತು 1891ರ ವಸಾಹತು ಕಾಯಿದೆಗಳ ಮೂಲಕ ಈ ಅಧಿಕಾರ ಕಲ್ಕತ್ತಾ, ಮದರಾಸು, ಮುಂಬಯಿ ಹೈಕೋರ್ಟುಗಳಿಗೆ ಬಂದಿತು. ಆಗ ಮಂಗಳೂರಿನ ಕರಾವಳಿ ಮದರಾಸು ಪ್ರಾಂತ್ಯದಲ್ಲಿತ್ತು. ಕಾರವಾರದ ಕರಾವಳಿ 1862ರಿಂದ ಮುಂಬಯಿಗೆ ಸೇರಿತ್ತು. ಮೈಸೂರಿಗೆ ಕಡಲೇ ಇರಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಕರಾವಳಿಯ ದೂರುಗಳು ಬೆಂಗಳೂರಿನ ಕಡೆಗೆ ಮುಖ ಮಾಡಿದವು. ಆದರೆ ಹಳೆಯ ನೌಕಾ ಕಾಯಿದೆಯಲ್ಲಿ ನಮ್ಮ ಹೈಕೋರ್ಟಿನ ಹೆಸರಿರಲಿಲ್ಲ. 1974ರಲ್ಲಿ ನವಮಂಗಳೂರು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಗೊಂಡ ಮೇಲೂ ಕಾಯಿದೆ ಹಳೆಯದೇ ಆಗಿ ಉಳಿಯಿತು.

ಈ ಕಟ್ಟು ಸಡಿಲಗೊಂಡದ್ದು ನೆರೆಯ ಗೋವೆಯಿಂದ ಹೊರಟ ಒಂದು ಹಡಗಿನ ದೆಸೆಯಿಂದ. 1984ರಲ್ಲಿ 'ಎಂ.ವಿ. ಎಲಿಸಬೆತ್' ಎಂಬ ವಿದೇಶೀ ಹಡಗು ಮರ್ಮಗೋವಾ ಬಂದರಿನಿಂದ ಸರಕು ಹೊತ್ತು ಹೋಯಿತು. ಸರಕಿನ ವಿಷಯದಲ್ಲಿ ತನಗೆ ಅನ್ಯಾಯವಾಯಿತೆಂದು ಗೋವೆಯ ಕಂಪನಿಯೊಂದು ದೂರಿತು. ಅದೇ ವರ್ಷ ಹಡಗು ವಿಶಾಖಪಟ್ಟಣಕ್ಕೆ ಬಂದಾಗ ಆಂಧ್ರಪ್ರದೇಶ ಹೈಕೋರ್ಟು ಅದನ್ನು ಬಂಧಿಸಿತು. 1861ರ ಆಂಗ್ಲ ಕಾಯಿದೆಯಲ್ಲಿ ಹೇಳದ ಅಧಿಕಾರ ಭಾರತದ ಹೈಕೋರ್ಟಿಗೆ ಎಲ್ಲಿಂದ ಬಂತು ಎಂಬುದು ಒಡೆಯರ ವಾದ. 1992ರ ಫೆಬ್ರುವರಿ 26ರಂದು ಸರ್ವೋಚ್ಚ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಟಿ.ಕೆ. ಥಾಮನ್ ಅವರು ಬರೆದ ತೀರ್ಪಿನ ತಿರುಳು ಇಷ್ಟು: ಸ್ವತಂತ್ರ ದೇಶದ ಹೈಕೋರ್ಟು ಪರರಾಜ್ಯದ ಹಳೆಯ ಕಾಯಿದೆಯ ಕೈದಿಯಲ್ಲ, ಅನ್ಯಾಯಕ್ಕೆ ಪರಿಹಾರ ಕೊಡುವ ಸಹಜ ಅಧಿಕಾರ ಅದಕ್ಕಿದೆ.

ಸಂಸತ್ತು ತನ್ನದೇ ನೌಕಾ ಕಾಯಿದೆಯನ್ನು ರೂಪಿಸಲು ಮತ್ತೆ ಇಪ್ಪತ್ತೈದು ವರ್ಷ ಹಿಡಿಯಿತು. 2017ರ ಆ ಕಾಯಿದೆ 2018ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದು ಹೆಸರಿಸಿದ ಎಂಟು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಹಡಗನ್ನು ಬಂಧಿಸಲು ಕಾರಣವಾಗಬಲ್ಲ ಹಕ್ಕುಗಳ ಪಟ್ಟಿಯಲ್ಲಿ 'ಬಂಕರ್ ಇಂಧನ'ದ ಹೆಸರು ಸ್ಪಷ್ಟವಾಗಿಯೇ ಇದೆ.

ತಾಳ್ಮೆ ತಪ್ಪಲ್ಲ

ಅದೇ 2017ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಧನದ ಬಾಕಿಗೆ ಸಂಬಂಧಿಸಿದ ಒಂದು ಮಹತ್ವದ ತೀರ್ಪು ನೀಡಿತು. ಕ್ರಿಸೊಮಾರ್ ಎಂಬ ಸಂಸ್ಥೆ 'ಎಂ.ವಿ. ನಿಕೊಲಾವೊಸ್-ಎಸ್' ಹಡಗಿಗೆ ಇಂಧನ ಮುಂತಾದ ಅಗತ್ಯಗಳನ್ನು ಪೂರೈಸಿತ್ತು. ಹಣ ಬಾರದೆ ಅದು ಕಲ್ಕತ್ತಾ ಹೈಕೋರ್ಟಿನ ಮೊರೆ ಹೊಕ್ಕಿತು. ಸಾಲ ತೀರಿಸಲು ನೀನು ಹೆಚ್ಚಿನ ಕಾಲಾವಕಾಶ ಕೊಟ್ಟೆ, ಆದ್ದರಿಂದ ಹಳೆಯ ಕರಾರು ಅಳಿದು ಹೊಸದು ಹುಟ್ಟಿತು, ಹಡಗನ್ನು ಹಿಡಿಯುವ ಹಕ್ಕು ಹೋಯಿತು ಎಂಬ ವಾದವೂ ಅಲ್ಲಿ ಎದ್ದಿತು. ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ಅವರ ತೀರ್ಪು ಇದನ್ನು ಒಪ್ಪಲಿಲ್ಲ. ಸಾಲಗಾರನಿಗೆ ಸಮಯ ಕೊಟ್ಟ ಮಾತ್ರಕ್ಕೆ ಸಾಲ ಕೊಟ್ಟವನು ತನ್ನ ಹಕ್ಕನ್ನು ಬಿಟ್ಟುಕೊಟ್ಟಂತಾಗದು.

ಗುರುಮಠದಲ್ಲಿ ನ್ಯಾಯ ಮತ್ತು ಕರುಣೆಗಳ ಪಾಠವನ್ನು ಓದಿದ ನಮ್ಮಂಥವರಿಗೆ ಈ ಒಂದು ಅಂಶವೇ ಧ್ಯಾನಕ್ಕೆ ಸಾಕು. ಕಾದವನು ಕಳೆದುಕೊಳ್ಳುತ್ತಾನೆಂದು ಕಾನೂನು ಹೇಳಿದರೆ ಯಾರೂ ಕಾಯುವುದಿಲ್ಲ. ಮೊದಲ ದಿನವೇ ಕುತ್ತಿಗೆಪಟ್ಟಿ ಹಿಡಿಯುತ್ತಾರೆ.

ಹಾಗೆಂದು ಇಂಧನ ವ್ಯಾಪಾರಿಯ ದಾರಿ ಸುಗಮವೆಂದು ಭಾವಿಸಬೇಕಾಗಿಲ್ಲ. ಎಷ್ಟೋ ವೇಳೆ ಇಂಧನವನ್ನು ಕೊಳ್ಳುವವನು ಹಡಗಿನ ಒಡೆಯನಲ್ಲ, ಬಾಡಿಗೆಗೆ ಪಡೆದವನು. ಅವನು ದಿವಾಳಿಯಾದರೆ ಒಡೆಯ ಕೈ ಕೊಡವುತ್ತಾನೆ. ನಡುವೆ ದಲ್ಲಾಳಿ ಸಂಸ್ಥೆಗಳ ಸರಪಣಿಯೂ ಇರುತ್ತದೆ. 2014ರ ನವೆಂಬರಿನಲ್ಲಿ ಡೆನ್ಮಾರ್ಕಿನ ಓ.ಡಬ್ಲ್ಯು. ಬಂಕರ್ ಎಂಬ ಬೃಹತ್ ಸಂಸ್ಥೆ ದಿವಾಳಿಯಾದಾಗ, ನಿಜವಾಗಿ ತೈಲ ತುಂಬಿಸಿದವರೂ ದಿವಾಳಿ ಸಂಸ್ಥೆಯ ಹಕ್ಕುದಾರರೂ ಒಂದೇ ಬಿಲ್ಲಿಗಾಗಿ ಹಡಗಿನ ಬಾಗಿಲಲ್ಲಿ ನಿಂತರು. ಒಂದೇ ತೈಲಕ್ಕೆ ಎರಡು ಬಾರಿ ಹಣ ತೆರಬೇಕೇ ಎಂಬ ಪ್ರಶ್ನೆ ಹಲವು ದೇಶಗಳ ನ್ಯಾಯಾಲಯಗಳನ್ನು ಕಾಡಿತು.

ಮೊದಲ ಪಾಲು ಯಾರಿಗೆ?

ಹಡಗು ಹರಾಜಾಯಿತು ಎನ್ನೋಣ. ಬಂದ ಹಣ ಎಲ್ಲರಿಗೂ ಸಾಲದು. ಆಗ ಯಾರಿಗೆ ಮೊದಲು ಕೊಡಬೇಕು? ಇಲ್ಲಿಯೇ 1886ರ ಆ ಹಳೆಯ ಗೆರೆ ಮತ್ತೆ ಎದುರಾಗುತ್ತದೆ. ನಮ್ಮ 2017ರ ಕಾಯಿದೆ ಸರದಿಯನ್ನು ಸ್ಪಷ್ಟವಾಗಿ ಹೇಳಿದೆ. ಮೊದಲನೆಯದು ಹಡಗಿಗೇ ಅಂಟಿಕೊಂಡ ಶ್ರೇಷ್ಠ ಹಕ್ಕುಗಳು. ಎರಡನೆಯದು ಹಡಗನ್ನು ಅಡವಿಟ್ಟುಕೊಂಡ ಬ್ಯಾಂಕುಗಳ ಹಕ್ಕು. ಉಳಿದವರದು ಕೊನೆಯ ಸರದಿ. ಇಂಧನ ವ್ಯಾಪಾರಿ ನಿಲ್ಲುವುದು ಅಲ್ಲಿಯೇ.

ಶ್ರೇಷ್ಠ ಹಕ್ಕುಗಳಲ್ಲಿಯೂ ಅಗ್ರಸ್ಥಾನ ಯಾರಿಗೆ? ಕಪ್ತಾನನಿಂದ ಹಿಡಿದು ಕೆಳಗಿನ ಕೆಲಸಗಾರನವರೆಗೆ ಹಡಗಿನಲ್ಲಿ ದುಡಿದವರ ಸಂಬಳಕ್ಕೆ, ಅವರನ್ನು ಊರಿಗೆ ಕಳುಹಿಸುವ ಖರ್ಚಿಗೆ. ಪ್ರಾಣಹಾನಿ ಮತ್ತು ಗಾಯಗಳ ಪರಿಹಾರ, ಹಡಗನ್ನು ಅಪಾಯದಿಂದ ಪಾರುಮಾಡಿದವರ ಪ್ರತಿಫಲ, ಬಂದರಿನ ಶುಲ್ಕ ಎಲ್ಲವೂ ಅದರ ನಂತರ. ಇತರ ಶ್ರೇಷ್ಠ ಹಕ್ಕುಗಳು ಒಂದು ವರ್ಷಕ್ಕೆ ಕಳೆದುಹೋದರೆ, ಸಂಬಳದ ಹಕ್ಕಿಗೆ ಎರಡು ವರ್ಷದ ಆಯುಷ್ಯ. ನಾವಿಕನ ಕೂಲಿಯ ಹಕ್ಕು ಹಡಗಿನ ಕೊನೆಯ ಹಲಗೆಯನ್ನೂ ಬಿಡದೆ ಹಿಡಿಯುತ್ತದೆ ಎಂಬ ಭಾವನೆ ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲಿಷ್ ನ್ಯಾಯಾಧೀಶ ಲಾರ್ಡ್ ಸ್ಟೋವೆಲ್ ಅವರ ಕಾಲದಿಂದಲೂ ಬಂದದ್ದು.

ಈ ಸರದಿಯನ್ನು ಓದುವಾಗ ನನಗೆ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯ ನೆನಪಾಗುತ್ತದೆ. ಸಾಲಕ್ಕೆ ಬೀಸುವ ಕಲ್ಲನ್ನು ಒತ್ತೆ ಹಿಡಿಯಬಾರದು, ಏಕೆಂದರೆ ಅದು ಜೀವವನ್ನೇ ಒತ್ತೆ ಹಿಡಿದಂತೆ ಎಂಬ ವಿಧಿ ಅಲ್ಲಿದೆ. ಒತ್ತೆ ಪಡೆಯಲು ಹೋದವನು ಸಾಲಗಾರನ ಮನೆಯೊಳಗೆ ನುಗ್ಗದೆ ಹೊರಗೇ ನಿಲ್ಲಬೇಕು. ಬಡವನ ಹೊದಿಕೆಯನ್ನು ಸೂರ್ಯ ಮುಳುಗುವ ಮುನ್ನ ಮರಳಿಸಬೇಕು. ಅದರ ಬೆನ್ನಿಗೇ ಮತ್ತೊಂದು ವಿಧಿ: ಕೂಲಿಯಾಳಿನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮುನ್ನ ಕೊಡಬೇಕು, ಅವನು ಪರದೇಶಿಯಾದರೂ ಸರಿ. ಒತ್ತೆಯ ನಿಯಮವೂ ಕೂಲಿಯ ನಿಯಮವೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ನಿಂತಿರುವುದು ಆಕಸ್ಮಿಕವಲ್ಲ. ಸಾಲ ವಸೂಲಿಯ ಹಕ್ಕನ್ನು ದೇವರು ಅಲ್ಲಗಳೆಯಲಿಲ್ಲ. ಅದಕ್ಕೆ ಮನುಷ್ಯನ ಮುಖವನ್ನು ತೋರಿಸಿದರು.

ಇನ್ನೊಂದು ಕಾಕತಾಳೀಯವನ್ನೂ ಗಮನಿಸಬಹುದು. ಭಾರತದ ಹೈಕೋರ್ಟುಗಳಿಗೆ ಹಡಗು ಬಂಧಿಸುವ ಅಧಿಕಾರ ಕೊಟ್ಟ ಕಾಯಿದೆ ಬಂದ 1891ರಲ್ಲಿಯೇ ಜಗದ್ಗುರು ಹದಿಮೂರನೆಯ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಹೊರಡಿಸಿ, ಕಾರ್ಮಿಕನ ನ್ಯಾಯವಾದ ಕೂಲಿಯ ಪರವಾಗಿ ದನಿಯೆತ್ತಿದರು.

ಲಂಗರಿನಲ್ಲಿ ಉಳಿದವರು

ಕಾನೂನಿನ ಸರದಿ ನ್ಯಾಯವಾಗಿದೆ. ಆದರೆ ಸರದಿ ಬರುವವರೆಗೆ ಏನು? ಹಡಗು ಬಂಧನವಾದಾಗ ಒಡೆಯ ತನ್ನ ಮನೆಯಲ್ಲಿಯೇ ಇರುತ್ತಾನೆ, ವ್ಯಾಪಾರಿ ತನ್ನ ಕಚೇರಿಯಲ್ಲಿ. ಹಡಗಿನಲ್ಲಿ ಉಳಿಯುವವರು ಆ ಸಾಲವನ್ನು ಮಾಡದ ನಾವಿಕರು. ಒಡೆಯ ಕೈಬಿಟ್ಟ ಹಡಗಿನಲ್ಲಿ ಸಂಬಳ ನಿಲ್ಲುತ್ತದೆ. ಆಮೇಲೆ ತರಕಾರಿ, ಕುಡಿಯುವ ನೀರು, ಕೊನೆಗೆ ದೀಪ ಹಚ್ಚುವಷ್ಟು ಎಣ್ಣೆಯೂ ಮುಗಿಯುತ್ತದೆ. ಸುರಕ್ಷತೆಗೆಂದು ಕೆಲವರಾದರೂ ಹಡಗಿನಲ್ಲಿರಲೇಬೇಕು. ಕಿನಾರೆ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗದು. ಇದಕ್ಕೆ ಪರಿಹಾರವಾಗಿ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದವು ಎರಡು ತಿಂಗಳ ಸಂಬಳ ಬಾರದಿದ್ದರೆ ನಾವಿಕರನ್ನು ಕೈಬಿಡಲಾಗಿದೆಯೆಂದು ಪರಿಗಣಿಸಿ, ಅವರ ಊಟ, ಊರಿನ ದಾರಿಗಳಿಗೆ ವಿಮೆಯಂಥ ಭದ್ರತೆಯನ್ನು 2017ರಿಂದ ಕಡ್ಡಾಯ ಮಾಡಿದೆ. ಭಾರತ 2015ರಲ್ಲಿಯೇ ಆ ಒಪ್ಪಂದಕ್ಕೆ ಸೇರಿದೆ.

ಇಂಥ ಹಡಗುಗಳ ಏಣಿ ಹತ್ತಿ ಹೋಗಿ ನಾವಿಕರನ್ನು ಕಾಣುವ ಸೇವೆಯೊಂದು ಧರ್ಮಸಭೆಯಲ್ಲಿದೆ. 1920ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾದ ಕಡಲ ಪ್ರೇಷಿತಕಾರ್ಯವು ಇಂದು 'ಸ್ಟೆಲ್ಲಾ ಮಾರಿಸ್', ಅಂದರೆ ಸಮುದ್ರತಾರೆ ಎಂಬ ಮರಿಯಮಾತೆಯ ಹೆಸರಿನಲ್ಲಿ ನಡೆಯುತ್ತಿದೆ. ಜುಲೈ ತಿಂಗಳ ಎರಡನೆಯ ಭಾನುವಾರ ಧರ್ಮಸಭೆ ನಾವಿಕರಿಗಾಗಿ ಪ್ರಾರ್ಥಿಸುತ್ತದೆ. ಕಡಲಿಲ್ಲದ ನಮ್ಮ ಬೆಂಗಳೂರಿನ ಧರ್ಮಕೇಂದ್ರಗಳಲ್ಲಿ ಆ ಭಾನುವಾರ ಸದ್ದಿಲ್ಲದೆ ಕಳೆದುಹೋಗುತ್ತದೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸಂತ ಪೌಲರು ಪ್ರಯಾಣಿಸಿದ ಹಡಗು ಮಾಲ್ಟಾದ ಬಳಿ ಒಡೆದುಹೋದ ಕಥೆಯಿದೆ. ಸರಕು ಹೋಯಿತು, ಗೋಧಿ ಹೋಯಿತು, ಹಡಗೂ ಹೋಯಿತು. ಆದರೆ ಅದರಲ್ಲಿದ್ದ 276 ಮಂದಿಯೂ ದಡ ಸೇರಿದರು. ಲೇಖಕ ಸಂತ ಲೂಕರು ಹಡಗಿನ ಬೆಲೆಯನ್ನು ಬರೆದಿಡಲಿಲ್ಲ, ಜನರನ್ನು ಎಣಿಸಿದರು.

ನಮ್ಮಲ್ಲಿ ಯಾರೂ ಹಡಗಿನ ಒಡೆಯರಲ್ಲ. ಆದರೂ ತಿಂಗಳ ಕೊನೆಯಲ್ಲಿ ಹಣ ಸಾಲದೆ ಬಂದಾಗ ನಾವೂ ಒಂದು ಸರದಿಯನ್ನು ಮಾಡುತ್ತೇವೆ. ಬ್ಯಾಂಕಿನ ಕಂತು ತಪ್ಪದು, ಏಕೆಂದರೆ ಬ್ಯಾಂಕಿಗೆ ಬಲವಿದೆ. ಗುತ್ತಿಗೆದಾರನ ಬಿಲ್ಲೂ ತಪ್ಪದು, ಏಕೆಂದರೆ ಅವನು ಕೆಲಸ ನಿಲ್ಲಿಸಬಲ್ಲ. ಮನೆಗೆಲಸದ ಹೆಂಗಸಿಗೆ, ಗಾರೆಯವನಿಗೆ, ನಮ್ಮ ದೇವಾಲಯದ ಅಂಗಳ ಗುಡಿಸುವವನಿಗೆ ಮಾತ್ರ 'ಬರುವ ವಾರ ನೋಡೋಣ' ಎನ್ನುತ್ತೇವೆ. ಹೀಗೆ ಹೇಳಿದವರಲ್ಲಿ ನಾನೂ ಒಬ್ಬ ಎಂದು ಒಪ್ಪಿಕೊಳ್ಳದೆ ಈ ಲೇಖನವನ್ನು ಮುಗಿಸುವುದು ಪ್ರಾಮಾಣಿಕವಾಗದು. ಲಾಭಕ್ಕೆಂದೇ ಹುಟ್ಟಿದ ಕಡಲ ವ್ಯಾಪಾರದ ಕಾನೂನು, ಬಲವಿಲ್ಲದವನ ಕೂಲಿಯನ್ನು ಎಲ್ಲ ಸಾಲಗಳಿಗಿಂತ ಮೊದಲು ಇಟ್ಟಿದೆ. ಶುಭಸಂದೇಶವನ್ನು ಓದುವ ನಮ್ಮ ಲೆಕ್ಕದ ಪುಸ್ತಕದಲ್ಲಿ ಆ ಹೆಸರು ಎಷ್ಟನೆಯ ಸಾಲಿನಲ್ಲಿದೆ ಎಂಬುದನ್ನು ಈ ತಿಂಗಳ ಕೊನೆಯಲ್ಲಿ ಒಮ್ಮೆ ತೆರೆದು ನೋಡೋಣ.